ರಜೆ ಮೂರು ವಾರ, ಮೂಳೆಗೆ ಮೂರು ತಿಂಗಳು

ಊರಿನಲ್ಲಿರುವ ಅಪ್ಪ-ಅಮ್ಮನ ಸಡಿಲವಾದ ಹಲ್ಲಿನ ಸೆಟ್ಟಿಗೆ ಇಂಪ್ಲಾಂಟ್ ಆಸರೆ ಕೊಡಿಸುವ ಮುನ್ನ ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್‌ನಲ್ಲಿ ಹಂಚಿಹೋದ ಒಂದು ಕುಟುಂಬ ಕಲಿತ ಪಾಠ

ಹೋದ ವರ್ಷದ ಯುಗಾದಿ. ಅಡಿಲೇಡ್‌ನ ಕನ್ನಡಿಗರೆಲ್ಲ ಸೇರಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಹಬ್ಬದೂಟ ನಡೆದಿತ್ತು. ಉದ್ದನೆಯ ಮೇಜಿನ ಮೇಲೆ ಪೇಪರ್ ಎಲೆ ಹಾಸಿ ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಆಂಬೊಡೆ, ಹೋಳಿಗೆ ಬಡಿಸಿದ್ದರು. ಹಾಸನದಿಂದ ಬಂದು ಎರಡು ತಿಂಗಳಾಗಿದ್ದ ನನ್ನ ಅಮ್ಮ ಅನ್ನಕ್ಕೆ ಸಾರು ಕಲಸಿಕೊಂಡು ನಾಲ್ಕು ತುತ್ತು ತಿಂದು, ಪಾಯಸ ಕುಡಿದು ಎದ್ದುಬಿಟ್ಟರು. ಎಲೆಯ ಮೇಲೆ ಆಂಬೊಡೆ ಹಾಗೆಯೇ ಇತ್ತು. ಪಕ್ಕದಲ್ಲಿದ್ದವರು ಮಾತನಾಡಿಸಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸಿದರು, ಅಷ್ಟೇ.

ಕಾರಿನಲ್ಲಿ ಕೂತ ಮೇಲೆ ಗೊತ್ತಾಯಿತು. ಕೆಳಗಿನ ಹಲ್ಲಿನ ಸೆಟ್ಟು ಅವರ ಬಾಯಲ್ಲಿರಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಂಡಿದ್ದರು. "ಹಲ್ಲಿದ್ದಾಗ ಕಡಲೆ ಇರಲಿಲ್ಲ ಕಣಪ್ಪ. ಈಗ ಮೂರು ಮಕ್ಕಳ ಮನೇಲೂ ಕಡಲೆ ಇದೆ, ಹಲ್ಲಿಲ್ಲ" ಎಂದು ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ.

ಅಂದು ರಾತ್ರಿಯೇ ವಿಡಿಯೊ ಕರೆ. ಅಕ್ಕ ಪರ್ತ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ತಮ್ಮ ಬ್ರಿಸ್ಬೇನ್‌ನಲ್ಲಿ ಐಟಿ ಕೆಲಸದಲ್ಲಿದ್ದಾನೆ. ಮೂವರೂ ಒಂದೇ ದೇಶದಲ್ಲಿದ್ದರೂ ನಮ್ಮ ಗಡಿಯಾರಗಳು ಮೂರು. ಹಾಸನದಲ್ಲಿ ಸಂಜೆ ಏಳಾದರೆ ಅಕ್ಕನಿಗೆ ಒಂಬತ್ತೂವರೆ, ಬೇಸಿಗೆಯ ಕಾಲವಲ್ಲದಿದ್ದರೆ ನನಗೆ ಹನ್ನೊಂದು, ತಮ್ಮನಿಗೆ ಹನ್ನೊಂದೂವರೆ. ಸಲಹೆಗಳೂ ಮೂರೇ ಆದವು. "ಇಂಪ್ಲಾಂಟ್ ಹಾಕಿಸಿಬಿಡೋಣ, ಒಂದೇ ದಿನದಲ್ಲಿ ಮಾಡ್ತಾರೆ" ಎಂದ ತಮ್ಮ. "ಮೊದಲು ಸೆಟ್ಟು ಸರಿಯಾಗಿದೆಯಾ ನೋಡಿಸಿ" ಎಂದಳು ಅಕ್ಕ. "ಊರಿಗೆ ಹೋದಾಗ ಮೂರು ವಾರದಲ್ಲಿ ಮುಗಿಸಿ ಬರೋಣ, ಅಲ್ಲಿ ಅಗ್ಗ" ಎಂದೆ ನಾನು. ಕೊನೆಗೆ ನೋಡಿದರೆ ಅಕ್ಕನ ಮಾತಿನಲ್ಲಿ ಹೆಚ್ಚು ಸತ್ಯವಿತ್ತು. ಹೆಚ್ಚು ತಪ್ಪಿದ್ದದ್ದು ನನ್ನ ಮಾತಿನಲ್ಲಿ.

ಕೆಳಗಿನ ಸೆಟ್ಟೇ ಏಕೆ ಕೈಕೊಡುತ್ತದೆ?

ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚಿ ಕೂರುತ್ತದೆ. ಎಂಜಲಿನ ತೆಳುವಾದ ಪದರ ಅದನ್ನು ಎಳೆದು ಹಿಡಿಯುತ್ತದೆ. ಕೆಳಗಿನದಕ್ಕೆ ಈ ಅನುಕೂಲವಿಲ್ಲ. ಅದು ಕುದುರೆ ಲಾಳದ ಆಕಾರದ ಪಟ್ಟಿ. ನಡುವೆ ನಾಲಿಗೆ, ಹೊರಗೆ ಕೆನ್ನೆ ಮತ್ತು ತುಟಿ. ಮಾತಾಡಿದಾಗ, ಅಗಿದಾಗ ಎಲ್ಲವೂ ಸೇರಿ ಅದನ್ನು ಮೇಲೆತ್ತುತ್ತವೆ.

ಇದಕ್ಕಿಂತ ದೊಡ್ಡ ಕಾರಣ ಮೂಳೆ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಏಣು ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರ ದವಡೆಯನ್ನು 25 ವರ್ಷಗಳವರೆಗೆ ಅಳೆದು 1972ರಲ್ಲಿ ವರದಿ ಪ್ರಕಟಿಸಿದರು. ಕೆಳದವಡೆಯ ಏಣು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆದಿತ್ತು. ಅಮ್ಮನ ಕೊನೆಯ ಹಲ್ಲು ಕಿತ್ತು 14 ವರ್ಷವಾಗಿತ್ತು. ಅಂದು ಮಾಡಿಸಿದ ಸೆಟ್ಟನ್ನೇ ಇಂದಿಗೂ ಹಾಕಿಕೊಳ್ಳುತ್ತಿದ್ದರು. ಸೆಟ್ಟು ಹಾಗೆಯೇ ಇತ್ತು, ಅದು ಕೂರುವ ಜಾಗ ಮಾತ್ರ ಕರಗಿಹೋಗಿತ್ತು.

ಪರ್ತ್: ಮೊದಲು ಸೆಟ್ಟನ್ನೇ ನೋಡಿ

ಏಪ್ರಿಲ್‌ನಲ್ಲಿ ಅಮ್ಮ ಅಕ್ಕನ ಮನೆಗೆ ಹೋದರು. ಅಕ್ಕ ಕರೆದುಕೊಂಡು ಹೋದದ್ದು 'ಡೆಂಟಲ್ ಪ್ರಾಸ್ಥೆಟಿಸ್ಟ್' ಬಳಿಗೆ. ನಮ್ಮೂರಿನಲ್ಲಿ ಈ ಹೆಸರು ಕೇಳಿದವರು ಕಡಿಮೆ. ಆಸ್ಟ್ರೇಲಿಯಾದಲ್ಲಿ ಇವರು ದಂತವೈದ್ಯರ ಹಾಗೆಯೇ ನೋಂದಾಯಿತರು. ಸೆಟ್ಟಿನ ಅಳತೆ ತೆಗೆದು, ಮಾಡಿ, ದುರಸ್ತಿ ಮಾಡಿ ಕೊಡುವುದೇ ಇವರ ವೃತ್ತಿ. ಇಂಪ್ಲಾಂಟ್ ಕೂರಿಸುವ ಶಸ್ತ್ರಚಿಕಿತ್ಸೆ ಮಾತ್ರ ದಂತವೈದ್ಯರದು.

ಆಕೆ ಸೆಟ್ಟನ್ನು ತಿರುಗಿಸಿ ನೋಡಿ, ಒಳಗೆ ಮೃದುವಾದ ಪದರ ಕೊಟ್ಟು ಸ್ವಲ್ಪ ಬಿಗಿ ಮಾಡಿದರು. "ಬಹಳ ಜನರಿಗೆ ಹೊಸ ಸೆಟ್ಟು ಮಾಡಿಕೊಟ್ಟರೇ ಸಾಕಾಗುತ್ತದೆ. ನಿಮ್ಮ ಅಮ್ಮನ ಕೆಳದವಡೆ ತೀರಾ ಚಪ್ಪಟೆಯಾಗಿದೆ. ಎರಡು ಇಂಪ್ಲಾಂಟ್ ಬಗ್ಗೆ ದಂತವೈದ್ಯರನ್ನು ಕೇಳಿ" ಎಂದರು. ಎರಡೇ? ತಮ್ಮ ತೋರಿಸಿದ ಜಾಹೀರಾತುಗಳಲ್ಲೆಲ್ಲ ಬಾಯಿ ತುಂಬ ಬಿಗಿದ ಹಲ್ಲುಗಳಿದ್ದವು.

ಹೌದು, ಎರಡೇ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ಒಮ್ಮತದ ಹೇಳಿಕೆ ಕೊಟ್ಟರು. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಬರೀ ಸೆಟ್ಟಿಗಿಂತ ಎರಡು ಇಂಪ್ಲಾಂಟ್‌ಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂಬುದು ಅದರ ಸಾರ. ಕೆಳದವಡೆಯ ಮುಂಭಾಗದಲ್ಲಿ, ಗಲ್ಲದ ಮೇಲೆ, ಎಡಕ್ಕೊಂದು ಬಲಕ್ಕೊಂದು ಟೈಟಾನಿಯಂ ತಿರುಪು ಕೂರಿಸುತ್ತಾರೆ. ಅದರ ತಲೆಗೆ ಒಂದು ಸಣ್ಣ ಗುಂಡಿ, ಸೆಟ್ಟಿನ ಒಳಮೈಯಲ್ಲಿ ಅದಕ್ಕೆ ಹೊಂದುವ ನೈಲಾನ್ ಬಿಲ್ಲೆ. ಅಂಗಿಯ ಟಿಚ್ ಬಟನ್ ಇದ್ದ ಹಾಗೆ. ಒತ್ತಿದರೆ 'ಟಕ್' ಎಂದು ಕೂರುತ್ತದೆ, ರಾತ್ರಿ ಎಳೆದು ತೆಗೆದು ತೊಳೆದಿಡಬೇಕು. ಮೇಲಿನ ದವಡೆಯ ಮೂಳೆ ಮೆತ್ತಗಿರುವುದರಿಂದ ಅಲ್ಲಿ ಎರಡು ಸಾಲದು, ಸಾಮಾನ್ಯವಾಗಿ ನಾಲ್ಕಾದರೂ ಬೇಕು. ಆದರೆ ಮೇಲಿನ ಸೆಟ್ಟು ಅಂಗುಳಿನ ಹಿಡಿತದಲ್ಲೇ ನಿಲ್ಲುವವರಿಗೆ ಅದರ ಗೋಜೇ ಇಲ್ಲ.

ಇದರ ಹಿಂದಿನ ಕತೆಯೂ ಸ್ವಾರಸ್ಯದ್ದು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲು ಆಗಲಿಲ್ಲ. ಮೂಳೆ ಲೋಹವನ್ನು ಅಪ್ಪಿಕೊಂಡುಬಿಟ್ಟಿತ್ತು. 1965ರಲ್ಲಿ ಅವರು ಗೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಗಟ್ಟಿಯಾಗಿದ್ದವು. ಪರ್ತ್‌ಗೂ ಈ ಕತೆಯಲ್ಲಿ ಪಾಲಿದೆ. ವೆಸ್ಟ್ ಪರ್ತ್‌ನಲ್ಲಿ ಬ್ರೋನೆಮಾರ್ಕ್ ಹೆಸರಿನ ಕೇಂದ್ರದಿಂದ ಕೆಲಸ ಮಾಡಿದ ಪ್ಯಾಟ್ರಿಕ್ ಹೆನ್ರಿ ಇಂಪ್ಲಾಂಟ್ ಕುರಿತ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಕೈಜೋಡಿಸಿದವರು.

ಬ್ರಿಸ್ಬೇನ್: ಕಾಗದವಿಲ್ಲದ ತಿರುಪು

ತಮ್ಮನ ಉತ್ಸಾಹಕ್ಕೆ ಅಡ್ಡ ಬಂದದ್ದು ಅವನ ಸ್ನೇಹಿತನ ತಂದೆಯ ಅನುಭವ. ಬೆಳಗಾವಿ ಕಡೆಯ ಹಿರಿಯರು. ಮಗನನ್ನು ನೋಡಲು ಬರುವ ಮುಂಚೆ ನಮ್ಮ ದೇಶದ ಒಂದು ನಗರದ ಕ್ಲಿನಿಕ್‌ನಲ್ಲಿ ಅವಸರದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದರು. ಬ್ರಿಸ್ಬೇನ್‌ಗೆ ಬಂದು ನಾಲ್ಕು ತಿಂಗಳಿಗೆ ಒಂದು ಗುಂಡಿ ಸಡಿಲವಾಯಿತು. ಇಲ್ಲಿಯ ದಂತವೈದ್ಯರು ಕೇಳಿದ ಮೊದಲ ಪ್ರಶ್ನೆ: "ಯಾವ ಕಂಪನಿಯದು? ಎಷ್ಟು ಅಳತೆ?" ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಸೀದಿಯಲ್ಲಿ ಇದ್ದದ್ದು 'ಇಂಪ್ಲಾಂಟ್ 2' ಎಂಬ ಒಂದು ಸಾಲು ಮಾತ್ರ.

ಜಗತ್ತಿನಲ್ಲಿ ನೂರಾರು ಕಂಪನಿಯ ಇಂಪ್ಲಾಂಟ್‌ಗಳಿವೆ. ಒಂದರ ತಿರುಪುಳಿ ಇನ್ನೊಂದಕ್ಕೆ ಹೊಂದದು. ಎಕ್ಸ್-ರೇ ನೋಡಿ ಊಹಿಸಿ, ಒಂದೆರಡು ಕಡೆ ಬರೆದು ಕೇಳಿ, ಬಿಡಿಭಾಗ ತರಿಸುವ ಹೊತ್ತಿಗೆ ಅವರ ವೀಸಾ ಅವಧಿಯೇ ಮುಗಿಯುತ್ತ ಬಂದಿತ್ತು. ಇದರಲ್ಲಿ ನಮ್ಮ ದೇಶ, ಆ ದೇಶ ಎಂಬ ತಕರಾರಿಲ್ಲ. ಅಡಿಲೇಡ್‌ನಲ್ಲಿ ಹಾಕಿಸಿಕೊಂಡು ಹಾಸನಕ್ಕೆ ಹೋದರೂ ಕಾಗದವಿಲ್ಲದಿದ್ದರೆ ಇದೇ ಪಾಡು.

'ಒಂದೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತಿನ ಅರ್ಥವೂ ಆಗ ತಿಳಿಯಿತು. ನಾಲ್ಕು ಅಥವಾ ಹೆಚ್ಚು ಇಂಪ್ಲಾಂಟ್ ಹಾಕಿ, ಅವುಗಳ ಮೇಲೆ ತೆಗೆಯಲಾಗದ ಹಲ್ಲಿನ ಸಾಲನ್ನು ಬಿಗಿಯುವ ವಿಧಾನ ಅದು. ಮೊದಲ ದಿನ ಬಿಗಿಯುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಮೂಳೆ ಕೂಡಿಕೊಂಡ ಮೇಲೆ, ತಿಂಗಳುಗಳ ನಂತರ, ಕಾಯಂ ಹಲ್ಲು. ತಕ್ಕವರಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಖರ್ಚು ಹಲವು ಪಟ್ಟು ಹೆಚ್ಚು. ಅದರ ಕೆಳಗೆ ಸಣ್ಣ ಬ್ರಷ್ ತೂರಿಸಿ ದಿನವೂ ಸ್ವಚ್ಛ ಮಾಡುವ ಕೈಚಳಕವೂ ಬೇಕು. ಗಂಟುನೋವಿನಿಂದ ಬೆರಳು ಮಡಚಲಾಗದ ಅಮ್ಮನಿಗೆ, ತೆಗೆದು ತೊಳೆಯುವ ಸೆಟ್ಟೇ ಸುಲಭ.

ಅಡಿಲೇಡ್: ಯಾರು ಕೊಡುತ್ತಾರೆ ದುಡ್ಡು?

ಹಣದ ಲೆಕ್ಕ ನನ್ನ ಪಾಲಿಗೆ ಬಂತು. ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರು ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲಿಯೇ. ಮೆಡಿಕೇರ್ ಇದ್ದರೂ ದೊಡ್ಡವರ ಹಲ್ಲಿನ ಚಿಕಿತ್ಸೆ ಬಹುಪಾಲು ಅದರಲ್ಲಿ ಸೇರಿಲ್ಲ. ಸಂದರ್ಶಕ ವೀಸಾ 600ರಲ್ಲಿ ಬಂದವರಿಗೂ, 2019ರಲ್ಲಿ ಶುರುವಾದ ತಾತ್ಕಾಲಿಕ ಪೋಷಕರ ವೀಸಾ 870ರಲ್ಲಿ ಬಂದವರಿಗೂ ಮೆಡಿಕೇರೇ ಇಲ್ಲ. ಬ್ರಿಟನ್, ನ್ಯೂಜಿಲೆಂಡ್, ಇಟಲಿಯಂಥ ಕೆಲವು ದೇಶಗಳೊಂದಿಗೆ ಇರುವ ಪರಸ್ಪರ ಆರೋಗ್ಯ ಒಪ್ಪಂದ ಭಾರತದೊಂದಿಗೆ ಇಲ್ಲ.

ಮೂರೂ ಊರಿನಲ್ಲಿ ದೊಡ್ಡ ದಂತ ಸಂಸ್ಥೆಗಳಿವೆ: ಪರ್ತ್‌ನ ನೆಡ್‌ಲ್ಯಾಂಡ್ಸ್‌ನಲ್ಲಿ ಓರಲ್ ಹೆಲ್ತ್ ಸೆಂಟರ್, ಬ್ರಿಸ್ಬೇನ್‌ನ ಹರ್ಸ್ಟನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ದಂತ ಕೇಂದ್ರ, ಅಡಿಲೇಡ್‌ನ ನಾರ್ತ್ ಟೆರೇಸ್‌ನಲ್ಲಿ ಡೆಂಟಲ್ ಹಾಸ್ಪಿಟಲ್. ಆದರೆ ಸರ್ಕಾರದ ರಿಯಾಯಿತಿ ಸೇವೆ ಮುಖ್ಯವಾಗಿ ಪಿಂಚಣಿ ಕಾರ್ಡು, ಹೆಲ್ತ್ ಕೇರ್ ಕಾರ್ಡು ಇರುವ ಇಲ್ಲಿಯ ನಿವಾಸಿಗಳಿಗೆ. ಅಲ್ಲಿಯೂ ಇಂಪ್ಲಾಂಟ್ ಎಲ್ಲರಿಗೂ ಸಿಗುವ ಸೌಲಭ್ಯವಲ್ಲ.

ಖಾಸಗಿ ವಿಮೆಯ 'ಎಕ್ಸ್‌ಟ್ರಾಸ್' ನೋಡಿದೆ. ಕುಟುಂಬ ಪಾಲಿಸಿ ಎಂದರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು. ಅಪ್ಪ-ಅಮ್ಮ ಅದರಲ್ಲಿ ಬರುವುದಿಲ್ಲ. ನಮಗೇ ಆದರೂ ದೊಡ್ಡ ದಂತ ಚಿಕಿತ್ಸೆಗೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು, ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು.

ಸಹೋದ್ಯೋಗಿಯೊಬ್ಬರು "ಸೂಪರ್‌ನಿಂದ ತೆಗೆಯಬಹುದಲ್ಲ" ಎಂದರು. ನಮ್ಮ ನಿವೃತ್ತಿ ನಿಧಿಯಿಂದ ಚಿಕಿತ್ಸೆಗೆಂದು ಅವಧಿಗೆ ಮುನ್ನ ಹಣ ಪಡೆಯಲು ತೆರಿಗೆ ಇಲಾಖೆ ಅನುಮತಿ ಕೊಡುವುದು ನಿಜ. ಆದರೆ ಅದಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ, ವೈದ್ಯರ ವರದಿಗಳು ಬೇಕು. ಚಿಕಿತ್ಸೆ ಸ್ವಂತಕ್ಕೆ ಇಲ್ಲವೇ ನಮ್ಮ ಅವಲಂಬಿತರಿಗೆ ಆಗಿರಬೇಕು. ತೆಗೆದ ಹಣಕ್ಕೆ ತೆರಿಗೆಯೂ ಬೀಳಬಹುದು. ಅಪ್ಪನ ಪಿಂಚಣಿಯಲ್ಲಿ ಹಾಸನದಲ್ಲಿ ಸ್ವಂತ ಮನೆ ನಡೆಸುವ ಅಮ್ಮನನ್ನು ಅವಲಂಬಿತೆ ಎಂದು ಬರೆದುಕೊಡಲು ನನಗೆ ಮನಸ್ಸು ಬರಲಿಲ್ಲ. "ಸೂಪರ್ ತೆಗೆಸಿಕೊಡುತ್ತೇವೆ" ಎಂದು ಕ್ಲಿನಿಕ್‌ನವರೇ ಮುಂದಾಗಿ ಹೇಳಿದರೆ ಎರಡು ಸಲ ಯೋಚಿಸಿ. ಇಂದು ಹಲ್ಲಿಗೆ ಹೋದ ದುಡ್ಡು ನಾಳೆ ನಿಮ್ಮ ಮುಪ್ಪಿನದು.

ಮೂರು ರಜೆ, ಒಂದು ಬಾಯಿ

ಕೊನೆಗೆ ಹಾಸನದಲ್ಲೇ ಮಾಡಿಸುವುದೆಂದು ತೀರ್ಮಾನವಾಯಿತು. ಅಗ್ಗ ಎಂಬುದೊಂದೇ ಕಾರಣವಲ್ಲ. ಅಮ್ಮ ವರ್ಷದಲ್ಲಿ ಹೆಚ್ಚು ಕಾಲ ಇರುವುದು ಅಲ್ಲಿ. ಸೆಟ್ಟು ಒತ್ತಿ ಹುಣ್ಣಾದರೆ ಆಟೊ ಹತ್ತಿ ಹೋಗಿ ತೋರಿಸಿಕೊಂಡು ಬರಲು ಆಗುವುದೂ ಅಲ್ಲೇ.

ಆಮೇಲೆ ನನ್ನ 'ಮೂರು ವಾರ'ದ ಲೆಕ್ಕ ತಲೆಕೆಳಗಾಯಿತು. ಇಂಪ್ಲಾಂಟ್ ಹಾಕಿದ ಮೇಲೆ ಮೂಳೆ ಅದನ್ನು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು ಬಿಡುತ್ತಾರೆ. ಕೆಲವರಿಗೆ ಬೇಗನೆ ಸೆಟ್ಟು ಜೋಡಿಸುವುದುಂಟು. ಅದನ್ನು ನಿರ್ಧರಿಸಬೇಕಾದದ್ದು ಮೂಳೆಯ ಸ್ಥಿತಿ ನೋಡಿದ ವೈದ್ಯರು. ಮಗನ ವಾಪಸ್ ಟಿಕೆಟ್ಟಿನ ತಾರೀಖು ನೋಡಿ ಅವಸರ ಮಾಡಿದರೆ ಕೆಡುವುದು ಅಮ್ಮನ ದವಡೆ.

ಜೂನ್‌ನಲ್ಲಿ ಅಮ್ಮ ಊರಿಗೆ ಹೋಗಿ ದಂತ ಕಾಲೇಜಿನ ಆಸ್ಪತ್ರೆಗೆ ತೋರಿಸಿದರು. ವೈದ್ಯೆ ಮೊದಲು ಕೇಳಿದ್ದು ಸಕ್ಕರೆ ಕಾಯಿಲೆಯ ಬಗ್ಗೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.6 ಇತ್ತು. "ಇದು ಇಳಿಯಲಿ, ಆಮೇಲೆ ನೋಡೋಣ" ಎಂದರು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತೀರಾ ಎಂದೂ ಕೇಳಿದರು. ಆ ಗುಂಪಿನ ಕೆಲವು ಔಷಧ ತೆಗೆದುಕೊಳ್ಳುವವರಲ್ಲಿ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವಿದೆಯಂತೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದರು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಇದೆಯೇ ಎಂದು ಕೇಳಿದಾಗ ಮಾತ್ರ ಅಮ್ಮನಿಗೆ ಕೋಪ ಬಂತು.

ಆಗಸ್ಟ್ ಕೊನೆಗೆ ಸಕ್ಕರೆ ಹತೋಟಿಗೆ ಬಂತು. ಅಕ್ಕ ತನ್ನ ರಜೆ ಹಾಕಿ ಹೋದಳು. ಸ್ಕ್ಯಾನ್ ಮಾಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಗಂಟೆಯೊಳಗೆ ಎರಡು ಇಂಪ್ಲಾಂಟ್ ಕೂರಿಸಿದರು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರು. ಗಾಯದ ಮೇಲೆ ಒತ್ತದಂತೆ ಹಳೆಯ ಸೆಟ್ಟನ್ನು ತೋಡಿ ಮೆತ್ತನೆಯ ಪದರ ಹಾಕಿಕೊಟ್ಟರು. ಅಕ್ಕ ಪರ್ತ್‌ಗೆ ವಾಪಸಾದಳು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಗಂಜಿ, ಮುದ್ದೆ, ಮೆತ್ತಗಿನ ಅನ್ನ. ಚಿಕ್ಕಮ್ಮನ ಮಗ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ ತೋರಿಸಿದ. ಡಿಸೆಂಬರ್‌ನಲ್ಲಿ ನಾನು ಹೋದೆ. ಗುಂಡಿ ಜೋಡಿಸಿ, ಹೊಸ ಅಳತೆ ತೆಗೆದು, ಹೊಸ ಸೆಟ್ಟು ಕೊಡುವ ಹೊತ್ತಿಗೆ ನನ್ನ ಮೂರು ವಾರ ಮುಗಿಯಿತು. ತಮ್ಮ ಜನವರಿಯಲ್ಲಿ ಹೋದಾಗ ಒತ್ತುತ್ತಿದ್ದ ಒಂದೆರಡು ಕಡೆ ಉಜ್ಜಿಸಿ ಸರಿಮಾಡಿಸಿದ. ಒಬ್ಬರ ರಜೆಯಲ್ಲಿ ಆಗದ ಕೆಲಸ ಮೂವರ ರಜೆ ಪಾಲು ಹಾಕಿದಾಗ ಆಯಿತು.

ಊರಿನಲ್ಲಿ ಹಣದ ತೊಂದರೆ ಇರುವ ನೆಂಟರಿಷ್ಟರಿಗೆ ಒಂದು ಮಾತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ 'ದಂತ ಭಾಗ್ಯ' ಯೋಜನೆಯನ್ನು ಕರ್ನಾಟಕ ಸರ್ಕಾರ ತಂದಿತ್ತು. ಅದು ಇಂಪ್ಲಾಂಟ್‌ಗಲ್ಲ, ಸೆಟ್ಟಿಗೆ. ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ.

ಪರ್ಸಿನಲ್ಲಿ ಒಂದು ಚೀಟಿ

ಬ್ರಿಸ್ಬೇನ್‌ನ ಹಿರಿಯರ ಕತೆ ಕೇಳಿದ್ದ ತಮ್ಮ ಒಂದು ವಿಷಯದಲ್ಲಿ ಹಟ ಹಿಡಿದಿದ್ದ. ಇಂಪ್ಲಾಂಟ್‌ನ ಡಬ್ಬಿಯ ಮೇಲಿರುವ ಸ್ಟಿಕ್ಕರನ್ನು ಕೇಳಿ ಪಡೆದು ಒಂದು ಕಾರ್ಡಿಗೆ ಅಂಟಿಸಿಸಿಕೊಂಡೆವು. ಕಂಪನಿ, ಮಾದರಿ, ಅಗಲ, ಉದ್ದ, ಲಾಟ್ ಸಂಖ್ಯೆ, ಗುಂಡಿಯ ಎತ್ತರ, ಹಾಕಿದ ದಿನಾಂಕ ಎಲ್ಲ ಅದರಲ್ಲಿವೆ. ಫೋಟೊ ತೆಗೆದು ಮೂವರ ಫೋನಿನಲ್ಲೂ ಇಟ್ಟುಕೊಂಡೆವು.

ಅದು ಬೇಗನೆ ಉಪಯೋಗಕ್ಕೆ ಬಂತು. ಫೆಬ್ರುವರಿ ಕೊನೆಗೆ ಅಮ್ಮ ಪರ್ತ್‌ಗೆ ಹೋದರು. ಎರಡನೇ ವಾರಕ್ಕೆ ಸೆಟ್ಟಿನ ಬಲಭಾಗ ಸಡಿಲವಾಯಿತು. ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸುವ ಬದಲು ಅಮ್ಮ ಬಾಯಿಗಿಟ್ಟುಕೊಂಡು ಕಚ್ಚಿ ಕೂರಿಸುತ್ತಿದ್ದರು. ನೈಲಾನ್ ಬಿಲ್ಲೆ ಓರೆಯಾಗಿ ಸವೆದಿತ್ತು. ಅಕ್ಕ ಕಾರ್ಡು ತೋರಿಸಿದಳು. ಅದೇ ಪ್ರಾಸ್ಥೆಟಿಸ್ಟ್ ಬಿಲ್ಲೆ ತರಿಸಿ, ಮುಂದಿನ ವಾರ ಅರ್ಧ ಗಂಟೆಯಲ್ಲಿ ಬದಲಾಯಿಸಿದರು. ಈ ಬಿಲ್ಲೆಗಳು ಸವೆಯುವುದು ಸಹಜ, ಆಗಾಗ ಬದಲಿಸುತ್ತಿರಬೇಕು. ಇಂಪ್ಲಾಂಟ್ ಸುತ್ತಲಿನ ಒಸಡನ್ನೂ ದಿನಾ ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು. ಟೈಟಾನಿಯಂ ಹುಳುಕಾಗದು, ಆದರೆ ಕೊಳೆ ಕೂತರೆ ಒಸಡು ಕೀವಾಗಿ ಮೂಳೆ ಕರಗಿ ಇಂಪ್ಲಾಂಟೇ ಸಡಿಲವಾಗುತ್ತದೆ. ಒಮ್ಮೆ ಹಾಕಿಸಿ ಮರೆತುಬಿಡುವ ವಸ್ತುವಲ್ಲ ಇದು. ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಊರನ್ನು ಆರಿಸಬೇಕು.

ಮುಂಗಡ ಕೊಡುವ ಮುನ್ನ ಕೇಳಿ

• ಹೊಸ ಸೆಟ್ಟು ಅಥವಾ ಒಳಪದರ ಬದಲಿಸಿದರೆ ಸಾಲದೆ? ಇಂಪ್ಲಾಂಟ್ ಏಕೆ ಬೇಕು, ಎಷ್ಟು ಬೇಕು?
• ಕೊಡುವುದು ತೆಗೆದು ತೊಳೆಯುವ ಸೆಟ್ಟೋ, ಬಿಗಿದ ಹಲ್ಲೋ? ಮೊದಲ ದಿನದ್ದು ತಾತ್ಕಾಲಿಕವೋ, ಕಾಯಂ ಆದದ್ದೋ?
• ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಗುಂಡಿ, ಸೆಟ್ಟು, ಮುಂದಿನ ಬಿಲ್ಲೆ, ಎಲ್ಲದರ ಬೆಲೆ ಬೇರೆ ಬೇರೆಯಾಗಿ ಬರೆದುಕೊಡುತ್ತೀರಾ?
• ಇಂಪ್ಲಾಂಟ್ ಮೂಳೆಗೆ ಕೂಡಿಕೊಳ್ಳದಿದ್ದರೆ ಮುಂದೇನು, ಖರ್ಚು ಯಾರದು?
• ಕಂಪನಿ ಮತ್ತು ಅಳತೆಯ ಕಾರ್ಡು ಕೊಡುತ್ತೀರಾ? ಅದರ ಬಿಡಿಭಾಗ ಎರಡೂ ದೇಶದಲ್ಲಿ ಸಿಗುತ್ತದೆಯೇ?
• ಆಸ್ಟ್ರೇಲಿಯಾದಲ್ಲಾದರೆ ವೈದ್ಯರ ಹೆಸರು ಆಪ್ರಾ ನೋಂದಣಿ ಪಟ್ಟಿಯಲ್ಲಿದೆಯೇ? ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು.

ಈ ಸಲದ ಯುಗಾದಿ ಅಮ್ಮನಿಗೆ ಪರ್ತ್‌ನಲ್ಲಿ. ಅಕ್ಕ ಅಡುಗೆಮನೆಯಿಂದಲೇ ವಿಡಿಯೊ ಕರೆ ಮಾಡಿದಳು. ಅಮ್ಮನ ತಟ್ಟೆಯಲ್ಲಿ ಅರ್ಧ ತಿಂದ ಆಂಬೊಡೆ. "ಚಕ್ಕುಲಿ ಇನ್ನೂ ಆಗಲ್ಲಪ್ಪ, ಚೂರು ಮಾಡಿಕೊಂಡು ತಿಂತೀನಿ. ಮೊದಲಿನ ಹಲ್ಲಿನ ಹಾಗಲ್ಲ" ಎಂದರು. ಹೌದು, ಮೊದಲಿನ ಹಾಗಲ್ಲ. ಆದರೆ ಮಾತಾಡುವಾಗ ಸೆರಗು ಬಾಯಿಗೆ ಬರಲಿಲ್ಲ. ಹಿಂದೆ ಅಕ್ಕನ ಮನೆಗೆ ಊಟಕ್ಕೆ ಬಂದವರ ಮಾತು ಕೇಳಿಸುತ್ತಿತ್ತು. "ಫೋನಿಡು, ಜನ ಕಾಯ್ತಿದಾರೆ, ಬಡಿಸಬೇಕು" ಎಂದು ಅಮ್ಮನೇ ಕರೆ ಮುಗಿಸಿದರು.